ಗೊಂಬೆ ಸಾಲಿನ ಕೆಳಗೊಂದು ತಾಮ್ರದ ಸುರಂಗ

ಹಳೆ ಮೈಸೂರು ಸೀಮೆಯಲ್ಲಿ ದಸರೆಗೆ ಗೊಂಬೆ ಕೂರಿಸುವ ಮನೆಗಳಲ್ಲಿ ಮೆಟ್ಟಿಲಿಗೊಂದು ಕಟ್ಟಳೆಯಿದೆ. ಮೇಲೆ ಕಲಶ, ಪಟ್ಟದ ಗೊಂಬೆಗಳು. ಅದರ ಕೆಳಗೆ ದಶಾವತಾರ, ಅಷ್ಟಲಕ್ಷ್ಮಿಯರು. ಇನ್ನೂ ಕೆಳಗೆ ಮದುವೆ ದಿಬ್ಬಣ, ಶೆಟ್ಟಿ ದಂಪತಿಯ ಅಂಗಡಿ, ಸೈನಿಕರ ಸಾಲು. ಮೆಟ್ಟಿಲುಗಳ ಲೆಕ್ಕ ಬೆಸವಾಗಿರಬೇಕು. ಮೆಟ್ಟಿಲು ಮುಗಿದು ನೆಲ ಸಿಕ್ಕಿತೆಂದರೆ ಮಾತ್ರ ಕಟ್ಟಳೆ ಸಡಿಲವಾಗುತ್ತದೆ. ಅಲ್ಲಿ ಮಕ್ಕಳದೇ ಕಾರುಬಾರು. ಮರಳು ಹಾಸಿ ರಾಗಿ ಚೆಲ್ಲಿ, ನೀರು ಚಿಮುಕಿಸಿ ಮೊಳಕೆ ಬರಿಸಿದ ಪಾರ್ಕು, ಕನ್ನಡಿ ಚೂರಿನ ಕೆರೆ, ಬೆಂಕಿಪೊಟ್ಟಣದ ಮನೆಗಳು, ಮಣ್ಣು ಮೆತ್ತಿದ ಚಾಮುಂಡಿ ಬೆಟ್ಟ. ಈ ಊರಿಗೆ ಒಂದು ರೈಲು ಇಲ್ಲದಿದ್ದರೆ ಮಕ್ಕಳಿಗೆ ಸಮಾಧಾನವಿಲ್ಲ.

ಆ ರೈಲನ್ನು ಬಹುತೇಕ ಮನೆಗಳವರು ಅಂಗಡಿಯಿಂದ ತರುತ್ತಾರೆ. ಅದು ಚೆನ್ನಾಗಿಯೇ ಓಡುತ್ತದೆ, ದೀಪ ಹೊತ್ತಿಸಿ ಕೂಗುತ್ತದೆ. ಆದರೆ ಅದು ಹೇಗೆ ಓಡುತ್ತಿದೆ ಎಂದು ಕೇಳುವ ಮಗುವಿಗೆ ತೋರಿಸಲು ಏನೂ ಇರುವುದಿಲ್ಲ. ಎಲ್ಲವೂ ಮುಚ್ಚಿದ ಪ್ಲಾಸ್ಟಿಕ್ ಡಬ್ಬಿಯೊಳಗೆ. ನಾನಿಲ್ಲಿ ಹೇಳಹೊರಟಿರುವುದು ಬೇರೆಯದೇ ಜಾತಿಯ ರೈಲಿನ ಬಗ್ಗೆ. ಅದಕ್ಕೆ ಚಕ್ರವಿಲ್ಲ, ಮೋಟಾರ್ ಇಲ್ಲ, ಗೇರ್ ಇಲ್ಲ. ಒಂದು ಪೆನ್ಸಿಲ್ ಸೆಲ್ಲು, ಎರಡು ಮ್ಯಾಗ್ನೆಟ್, ಸುರುಳಿ ಸುತ್ತಿದ ತಾಮ್ರದ ತಂತಿ, ಇಷ್ಟೇ. ತಂತಿಯ ಸುರುಳಿಯೇ ಹಳಿ, ಅದೇ ಸುರಂಗ. ಸೆಲ್ಲೇ ಎಂಜಿನ್ನು. ಕೆಲಸ ಮಾಡುವ ಪ್ರತಿಯೊಂದು ಭಾಗವೂ ಕಣ್ಣೆದುರಿಗೇ ಇರುತ್ತದೆ. ನೋಡುವವರ ಬಾಯಲ್ಲಿ ಪ್ರಶ್ನೆ ಹುಟ್ಟಿಸುವುದಕ್ಕೇ ಗೊಂಬೆ ಸಾಲು ಇರುವಾಗ, ಉತ್ತರವನ್ನೂ ತನ್ನಲ್ಲೇ ಇಟ್ಟುಕೊಂಡಿರುವ ಆಟಿಕೆಗೆ ಅಲ್ಲಿ ಜಾಗ ಸಿಗಲೇಬೇಕು.

ಸಾಮಾನು ತರುವಾಗ ಎಚ್ಚರ ಬೇಕಿರುವುದು ತಂತಿಯ ವಿಷಯದಲ್ಲಿ. ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ತಾಮ್ರದ ತಂತಿ ಕೇಳಿದರೆ ಕೊಡುವುದು ಎನಾಮಲ್ ಬಳಿದದ್ದು. ನೋಡಲು ಬರಿ ತಾಮ್ರದಂತೆಯೇ ಹೊಳೆಯುತ್ತದೆ, ಆದರೆ ಮೇಲಿನ ಆ ತೆಳು ಲೇಪನ ಕರೆಂಟನ್ನು ಬಿಟ್ಟುಕೊಡುವುದಿಲ್ಲ. ನಮ್ಮ ರೈಲಿಗೆ ಬೇಕಿರುವುದು ಯಾವ ಹೊದಿಕೆಯೂ ಇಲ್ಲದ ತಂತಿ. ತವರ ಹಚ್ಚಿದ ತಾಮ್ರದ ತಂತಿಯಾದರೂ ಸರಿ, ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಸಿಗುತ್ತದೆ. ದಪ್ಪ ಸುಮಾರು 0.9 ಮಿ.ಮೀ. ಇದ್ದರೆ ಕೈಯಲ್ಲಿ ಬಗ್ಗುತ್ತದೆ, ಬಗ್ಗಿದ ಆಕಾರವನ್ನು ಬಿಡುವುದೂ ಇಲ್ಲ. ಮನೆ ಕಟ್ಟುವವರ ಹತ್ತಿರ ಇರುವ ಕಬ್ಬಿಣದ ಕಟ್ಟುತಂತಿ ಅಗ್ಗವೆಂದು ಅದರಲ್ಲಿ ಸುತ್ತಬೇಡಿ. ಮ್ಯಾಗ್ನೆಟ್ ಅದಕ್ಕೆ ಅಂಟಿಕೊಂಡು ಕೂತುಬಿಡುತ್ತದೆ. ತಾಮ್ರವನ್ನು ಮ್ಯಾಗ್ನೆಟ್ ಹಿಡಿಯುವುದಿಲ್ಲ, ಕರೆಂಟು ಮಾತ್ರ ಸರಾಗವಾಗಿ ಹರಿಯುತ್ತದೆ. ಈ ಎರಡು ಗುಣ ಒಟ್ಟಿಗಿರುವುದರಿಂದಲೇ ರೈಲು ಸಾಧ್ಯ.

ಮ್ಯಾಗ್ನೆಟ್ ನಿಯೋಡಿಮಿಯಮ್‌ನದೇ ಆಗಬೇಕು, ಬಿಲ್ಲೆಯಾಕಾರದ್ದು. ಹಳೆ ಸ್ಪೀಕರಿನಿಂದ ಕಿತ್ತ ಕಪ್ಪು ಮ್ಯಾಗ್ನೆಟ್ ಇಲ್ಲಿ ಕೆಲಸಕ್ಕೆ ಬಾರದು. ಅದರ ಶಕ್ತಿಯೂ ಕಡಿಮೆ, ಮೈಯಲ್ಲಿ ಕರೆಂಟೂ ಹರಿಯುವುದಿಲ್ಲ. ನಿಯೋಡಿಮಿಯಮ್ ಬಿಲ್ಲೆಗೆ ಬೆಳ್ಳಿಯಂತೆ ಹೊಳೆಯುವ ನಿಕ್ಕಲ್ ಲೇಪನವಿರುತ್ತದೆ, ಅದರ ಮೂಲಕ ಕರೆಂಟು ದಾಟುತ್ತದೆ. ಪೆನ್ಸಿಲ್ ಸೆಲ್ಲಿನ ವ್ಯಾಸ ಸುಮಾರು 14.5 ಮಿ.ಮೀ., ಉದ್ದ 50 ಮಿ.ಮೀ. ಚಿಲ್ಲರೆ. ಬಿಲ್ಲೆ ಅದಕ್ಕಿಂತ ತುಸು ದೊಡ್ಡದಿರಬೇಕು, 15ರಿಂದ 18 ಮಿ.ಮೀ. ಒಳಗೆ. ಆಗ ಸೆಲ್ಲಿನ ಮೈ ತಂತಿಗೆ ತಾಗದೆ ಬಿಲ್ಲೆಗಳ ಅಂಚು ಮಾತ್ರ ತಾಗುತ್ತದೆ. ಸೆಲ್ ಆಲ್ಕಲೈನ್ ಆಗಿರಲಿ. ಗಡಿಯಾರಕ್ಕೆ ಹಾಕುವ ಸಾಧಾರಣ ಸೆಲ್ಲಿಗೆ ಒಂದೇ ಸಲಕ್ಕೆ ಅಷ್ಟು ಕರೆಂಟು ಕೊಡುವ ತಾಕತ್ತಿಲ್ಲ. ಲಿಥಿಯಂ ಸೆಲ್ ಅಂತೂ ಖಂಡಿತ ಬೇಡ. ಇದು ಸೆಲ್ಲಿನ ಎರಡು ತುದಿಯನ್ನು ತಂತಿಯಿಂದ ನೇರವಾಗಿ ಕೂಡಿಸುವ ಆಟವಾದ್ದರಿಂದ ಅಂಥ ಸೆಲ್ ಕಾದು ಬೆಂಕಿ ಹತ್ತುವ ಅಪಾಯವಿದೆ.

ಇನ್ನು ಸುತ್ತುವ ಕೆಲಸ. ವೈರಿಂಗಿಗೆ ಬಳಸುವ 20 ಮಿ.ಮೀ. ಹೊರವ್ಯಾಸದ ಪ್ಲಾಸ್ಟಿಕ್ ಪೈಪು ಒಂದು ಮೀಟರ್ ಉದ್ದಕ್ಕೆ ಬೇಕು. ಅದರ ತುದಿಯಲ್ಲೊಂದು ತೂತು ಕೊರೆದು ತಂತಿಯ ಕೊನೆಯನ್ನು ಸಿಕ್ಕಿಸಿ. ಒಬ್ಬರು ತಂತಿಯನ್ನು ಬಟ್ಟೆಯ ತುಂಡಿನಿಂದ ಬಿಗಿಹಿಡಿದು ಕೂರಬೇಕು, ಇನ್ನೊಬ್ಬರು ಪೈಪನ್ನು ತೊಡೆಯ ಮೇಲಿಟ್ಟು ಹೊರಳಿಸುತ್ತ ಹೋಗಬೇಕು. ಹಿಡಿತ ಸಡಿಲವಾದರೆ ಸುತ್ತು ಅಂಕುಡೊಂಕಾಗುತ್ತದೆ, ಮುಂದೆ ರೈಲು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಒಂದಕ್ಕೊಂದು ತಾಗುವಂತೆ 670 ಸುತ್ತು ಸುತ್ತಿದರೆ ಸುಮಾರು 60 ಸೆಂ.ಮೀ. ಸುರುಳಿಯಾಗುತ್ತದೆ. ಅದನ್ನು ಪೈಪಿನಿಂದ ಜಾರಿಸಿ ತೆಗೆದು, ಎರಡು ತುದಿ ಹಿಡಿದು ಮೆಲ್ಲಗೆ ಒಂದು ಮೀಟರಿನವರೆಗೆ ಜಗ್ಗಿ. ಸುತ್ತು ಸುತ್ತಿನ ನಡುವೆ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು ಬೆಳಕು ಕಾಣಬೇಕು. ಬರಿ ತಂತಿಯಾದ್ದರಿಂದ ಸುತ್ತುಗಳು ಒಂದಕ್ಕೊಂದು ತಾಗಿದರೆ ಕರೆಂಟು ಸುರುಳಿಯ ದಾರಿ ಬಿಟ್ಟು ಅಡ್ಡದಾರಿಯಲ್ಲಿ ನೇರವಾಗಿ ದಾಟಿಬಿಡುತ್ತದೆ. ಸುರುಳಿ ಇದ್ದೂ ಇಲ್ಲದಂತೆ. ಸಮನಾಗಿ ಜಗ್ಗುವುದು ಕಷ್ಟವೆನಿಸಿದರೆ ಒಂದು ಉಪಾಯವಿದೆ. ತಂತಿಯ ಜೊತೆಯಲ್ಲೇ ಒಂದು ದಾರವನ್ನೂ ಸೇರಿಸಿ ಸುತ್ತಿ, ಕೊನೆಗೆ ದಾರವನ್ನು ಮಾತ್ರ ಬಿಚ್ಚಿ ತೆಗೆಯಿರಿ. ಅಂತರ ತಾನಾಗಿಯೇ ಸಮನಾಗುತ್ತದೆ.

ಲೆಕ್ಕ ಹಾಕಿದರೆ ಒಂದು ಮೀಟರ್ ಸುರಂಗಕ್ಕೆ ಸುಮಾರು 44 ಮೀಟರ್ ತಂತಿ, ತೂಕದಲ್ಲಿ ಕಾಲು ಕಿಲೋ ತಾಮ್ರ ಬೇಕಾಗುತ್ತದೆ. ತಾಮ್ರದ ಬೆಲೆ ಎಲ್ಲರಿಗೂ ಗೊತ್ತಿದೆ. ಗೊಂಬೆ ಮೆಟ್ಟಿಲನ್ನೇ ಸುತ್ತಿಬರುವ ಹಳಿ ಹಾಕುತ್ತೇನೆಂದು ಮೊದಲ ವರ್ಷವೇ ಹೊರಡದೆ, ಬೆಟ್ಟದ ಬುಡದಿಂದ ಕೆರೆಯ ದಂಡೆಯವರೆಗೆ ಒಂದು ಮೀಟರ್ ಹಾಕಿ ನೋಡುವುದು ಒಳ್ಳೆಯದು.

ಮ್ಯಾಗ್ನೆಟ್ ಜೋಡಿಸುವಲ್ಲಿ ಒಂದು ಗುಟ್ಟಿದೆ. ಎರಡು ಬಿಲ್ಲೆಗಳನ್ನು ಎದುರುಬದುರು ಹಿಡಿದು, ಯಾವ ಮುಖಗಳು ಒಂದನ್ನೊಂದು ತಳ್ಳುತ್ತವೆ ಎಂದು ನೋಡಿ ಆ ಮುಖಗಳಿಗೆ ಮಾರ್ಕರಿನಿಂದ ಚುಕ್ಕೆ ಇಡಿ. ಚುಕ್ಕೆಯಿರುವ ಎರಡೂ ಮುಖ ಸೆಲ್ಲಿನ ಕಡೆಗೇ ಬರಬೇಕು, ಒಂದು ಉಬ್ಬಿರುವ ತುದಿಗೆ, ಇನ್ನೊಂದು ಚಪ್ಪಟೆ ತುದಿಗೆ. ಒಂದನ್ನೊಂದು ತಳ್ಳುವ ಬಿಲ್ಲೆಗಳು ಅಲ್ಲಿ ಹೇಗೆ ನಿಲ್ಲುತ್ತವೆ ಎಂದು ಮಕ್ಕಳು ಕೇಳುತ್ತಾರೆ. ಸೆಲ್ಲಿನ ಹೊರ ಡಬ್ಬಿ ಉಕ್ಕಿನದು, ಬಿಲ್ಲೆಗಳು ಹಿಡಿದುಕೊಳ್ಳುವುದು ಅದನ್ನು. ಟಕ್ ಎಂದು ಅಂಟಿದ ಮೇಲೆ ಸರಿಸಿ ನಡುಮಧ್ಯಕ್ಕೆ ತನ್ನಿ. ರೈಲು ಸಿದ್ಧವಾಯಿತು.

ಅದರ ಮೂತಿಯನ್ನು ಸುರಂಗದ ಬಾಯಿಗಿಟ್ಟು ತಳ್ಳಿ. ಮುಂದಿನ ಬಿಲ್ಲೆ ಒಳಗೆ ಹೋಗುವವರೆಗೂ ಏನೂ ಆಗುವುದಿಲ್ಲ. ಹಿಂದಿನ ಬಿಲ್ಲೆಯ ಅಂಚು ತಂತಿಗೆ ತಾಗಿದ ಕ್ಷಣ ರೈಲು ಬೆರಳಿನಿಂದ ಜಾರಿಕೊಂಡು ಹೋಗುತ್ತದೆ. ತಂತಿಯ ಸಂದುಗಳಲ್ಲಿ ಸೆಲ್ಲಿನ ಬಣ್ಣ ಓಡುವುದು ಕಾಣುತ್ತದೆ, ಬಿಲ್ಲೆಯ ಅಂಚು ಸುತ್ತುಗಳ ಮೇಲೆ ಉಜ್ಜುವ ಝರ್ ಎಂಬ ಸದ್ದು ಕೇಳುತ್ತದೆ, ಆ ತುದಿಯಿಂದ ಹಾರಿ ಮರಳಿಗೆ ಬೀಳುತ್ತದೆ. ಒಳಗೆ ಹೋಗುವ ಬದಲು ಸುರಂಗ ಅದನ್ನು ಹೊರಕ್ಕೆ ಉಗುಳಿದರೆ ಗಾಬರಿ ಬೇಡ, ರೈಲನ್ನು ಹಿಂದುಮುಂದು ಮಾಡಿ. ಯಾವ ಮೂತಿ ಮುಂದಿಟ್ಟರೆ ಓಡುತ್ತದೋ ಆ ಮೂತಿಯನ್ನು ಸುರಂಗದ ಯಾವ ಬಾಯಿಗಿಟ್ಟರೂ ಓಡುತ್ತದೆ. ಇದನ್ನು ಮಕ್ಕಳೇ ಪರೀಕ್ಷಿಸಿ ಕಂಡುಕೊಳ್ಳಲಿ.

ಈಗ, ಯಾಕೆ ಓಡುತ್ತದೆ? ಸೆಲ್ಲಿನ ಒಂದು ತುದಿಯಿಂದ ಕರೆಂಟು ಹೊರಟು ಬಿಲ್ಲೆಗೆ, ಬಿಲ್ಲೆಯ ಅಂಚಿನಿಂದ ತಂತಿಗೆ ಇಳಿಯುತ್ತದೆ. ಅಲ್ಲಿಂದ ಸುರುಳಿಯಲ್ಲಿ ಸುತ್ತುತ್ತ ಇನ್ನೊಂದು ಬಿಲ್ಲೆಯವರೆಗೆ ಬಂದು ಸೆಲ್ಲನ್ನು ಸೇರುತ್ತದೆ. ಅಂದರೆ ಒಂದು ಮೀಟರ್ ಸುರುಳಿಯಲ್ಲಿ ಕರೆಂಟು ಹರಿಯುವುದು ಎರಡು ಬಿಲ್ಲೆಗಳ ನಡುವಿನ ಮೂವತ್ತು ಚಿಲ್ಲರೆ ಸುತ್ತುಗಳಲ್ಲಿ ಮಾತ್ರ. ಕರೆಂಟು ಹರಿಯುವ ತಂತಿ ತನ್ನ ಸುತ್ತ ಕಾಂತಕ್ಷೇತ್ರವನ್ನು ಹುಟ್ಟಿಸುತ್ತದೆ ಎಂದು 1820ರಲ್ಲಿ ಡೆನ್ಮಾರ್ಕಿನ ಹ್ಯಾನ್ಸ್ ಕ್ರಿಶ್ಚಿಯನ್ ಅರ್ಸ್ಟೆಡ್ ದಿಕ್ಸೂಚಿಯ ಮುಳ್ಳು ಅಲುಗಿದ್ದನ್ನು ಕಂಡು ತೋರಿಸಿಕೊಟ್ಟರು. ತಂತಿಯನ್ನು ಸುರುಳಿ ಮಾಡಿದರೆ ಅದು ದಂಡಕಾಂತದಂತೆಯೇ ವರ್ತಿಸುತ್ತದೆ ಎಂದು ಫ್ರಾನ್ಸಿನ ಆಂಪಿಯರ್ ವಿವರಿಸಿದರು. ಹಾಗಾಗಿ ಸೆಲ್ಲಿನ ಸುತ್ತಲಿನ ಆ ಐದು ಸೆಂಟಿಮೀಟರ್ ಸುರುಳಿ ಆ ಹೊತ್ತಿಗೆ ಒಂದು ಮ್ಯಾಗ್ನೆಟ್ಟು.

ಬಹಳ ಜನ ವಿವರಣೆಯನ್ನು ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ನನಗೆ ಇದರಲ್ಲಿ ಅತ್ಯಂತ ಸೊಗಸಾಗಿ ಕಾಣುವುದು ಇದರ ಮುಂದಿನ ಮಾತು. ಎಲ್ಲ ಕಡೆ ಒಂದೇ ಬಲವಿರುವ ಕಾಂತಕ್ಷೇತ್ರದಲ್ಲಿ ಮ್ಯಾಗ್ನೆಟ್ ಇಟ್ಟರೆ ಅದು ತಿರುಗಬಹುದು, ಆದರೆ ಮುಂದಕ್ಕೂ ಹಿಂದಕ್ಕೂ ಹೋಗುವುದಿಲ್ಲ. ಮ್ಯಾಗ್ನೆಟ್ ಜರುಗಬೇಕಾದರೆ ಕ್ಷೇತ್ರದಲ್ಲಿ ಏರಿಳಿತ ಇರಬೇಕು, ಒಂದು ಕಡೆ ಗಟ್ಟಿ, ಪಕ್ಕದಲ್ಲಿ ಕ್ಷೀಣ. ಸುರುಳಿಯ ಹೊಟ್ಟೆಯಲ್ಲಿ ಕ್ಷೇತ್ರ ಹೆಚ್ಚುಕಡಿಮೆ ಸಮ. ಅದು ತಟ್ಟನೆ ಇಳಿದುಹೋಗುವುದು ಕರೆಂಟು ಹರಿಯುವ ಭಾಗದ ಎರಡು ಕೊನೆಗಳಲ್ಲಿ. ನಮ್ಮ ಬಿಲ್ಲೆಗಳು ಕೂತಿರುವುದು ಸರಿಯಾಗಿ ಆ ಕೊನೆಗಳಲ್ಲೇ! ಹಿಂದಿನ ಬಿಲ್ಲೆಯನ್ನು ಸುರುಳಿ ತನ್ನ ಒಳಕ್ಕೆ ಸೆಳೆಯುತ್ತದೆ, ಮುಂದಿನದನ್ನು ಹೊರಕ್ಕೆ ನೂಕುತ್ತದೆ. ಸೆಳೆತವೂ ನೂಕೂ ಒಂದೇ ದಿಕ್ಕಿಗೆ. ಬಿಲ್ಲೆಗಳನ್ನು ಎದುರುಬದುರು ತಿರುಗಿಸಿ ಕೂರಿಸಿದ್ದು ಇದಕ್ಕೇ. ಒಂದನ್ನು ತಿರುವಿ ಹಾಕಿದರೆ ಎರಡನ್ನೂ ಒಳಕ್ಕೆ ಸೆಳೆಯುತ್ತದೆ, ಇಲ್ಲವೇ ಎರಡನ್ನೂ ಹೊರಕ್ಕೆ ನೂಕುತ್ತದೆ. ಬಲ ಬಲವನ್ನು ತಿಂದುಹಾಕಿ ರೈಲು ನಿಂತಲ್ಲೇ ನಿಲ್ಲುತ್ತದೆ, ಸೆಲ್ ಸುಮ್ಮನೆ ಕಾಯುತ್ತದೆ.

ರೈಲು ಒಂದು ಸುತ್ತು ಮುಂದೆ ಸರಿದಾಗ ಏನಾಯಿತು ನೋಡಿ. ಬಿಲ್ಲೆಗಳು ಈಗ ಹೊಸ ಸುತ್ತುಗಳಿಗೆ ತಾಗುತ್ತಿವೆ. ಕರೆಂಟು ಹರಿಯುವ ಭಾಗವೂ ಒಂದು ಸುತ್ತು ಮುಂದೆ ಹೋಯಿತು, ಅದರ ಕೊನೆಗಳೂ ಹೋದವು. ಬಿಲ್ಲೆ ಮತ್ತೆ ಕೊನೆಯಲ್ಲೇ ಇದೆ, ಮತ್ತೆ ಅದೇ ಸೆಳೆತ, ಅದೇ ನೂಕು. ತನ್ನನ್ನು ಎಳೆಯುವ ಮ್ಯಾಗ್ನೆಟ್ಟನ್ನು ರೈಲು ತನ್ನ ಜೊತೆಯಲ್ಲೇ ಕರೆದುಕೊಂಡು ಹೋಗುತ್ತಿದೆ. ಆದ್ದರಿಂದಲೇ ಅದಕ್ಕೆ ತಲುಪುವ ಜಾಗ ಎಂಬುದಿಲ್ಲ. ಸುರುಳಿ ಮುಗಿಯುವವರೆಗೆ ಅಥವಾ ಸೆಲ್ ಸೋಲುವವರೆಗೆ ಓಟ.

ಇದನ್ನು ಮ್ಯಾಗ್ಲೆವ್ ರೈಲಿನ ಮಾದರಿ ಎಂದು ತೋರಿಸುವವರಿದ್ದಾರೆ. ಅದು ಸರಿಯಲ್ಲ. ಮ್ಯಾಗ್ಲೆವ್ ಹಳಿಯಿಂದ ಮೇಲೆದ್ದು ತೇಲುತ್ತದೆ. ನಮ್ಮದು ತಂತಿಯ ಮೇಲೆ ಉಜ್ಜಿಕೊಂಡೇ ಹೋಗುತ್ತದೆ. ಉಜ್ಜದಿದ್ದರೆ ಕರೆಂಟೇ ಸಿಗದು. ಆದರೆ ಒಂದು ನಿಜವಾದ ನಂಟಿದೆ. ಶಾಂಘಾಯಿಯಲ್ಲಿ 2004ರಿಂದ ಪ್ರಯಾಣಿಕರನ್ನು ಒಯ್ಯುತ್ತಿರುವ ಸುಮಾರು 30 ಕಿ.ಮೀ. ಉದ್ದದ ಮ್ಯಾಗ್ಲೆವ್ ದಾರಿಯಲ್ಲಾಗಲಿ, 2015ರ ಏಪ್ರಿಲ್ 21ರಂದು ಗಂಟೆಗೆ 603 ಕಿ.ಮೀ. ವೇಗ ಮುಟ್ಟಿದ ಜಪಾನಿನ ಯಮನಾಶಿ ಪರೀಕ್ಷಾ ಮಾರ್ಗದಲ್ಲಾಗಲಿ, ರೈಲನ್ನು ಮುಂದೂಡುವ ಸುರುಳಿಗಳಿರುವುದು ದಾರಿಯಲ್ಲೇ, ಮತ್ತು ದಾರಿಯುದ್ದಕ್ಕೂ ಒಮ್ಮೆಗೇ ಕರೆಂಟು ಕೊಡುವುದಿಲ್ಲ. ರೈಲು ಇರುವ ತುಂಡಿಗೆ ಮಾತ್ರ ಕೊಡುತ್ತಾರೆ, ರೈಲು ಸರಿದಂತೆ ಮುಂದಿನ ತುಂಡಿಗೆ. ಅಲ್ಲಿ ದೊಡ್ಡ ದೊಡ್ಡ ಸ್ವಿಚ್ಚುಗಳು ಮಾಡುವ ಆ ಕೆಲಸವನ್ನು ಇಲ್ಲಿ ಎರಡು ಬಿಲ್ಲೆಗಳ ಅಂಚು ಮಾಡುತ್ತದೆ.

ವಿದ್ಯುತ್ ರೈಲಿನ ಚರಿತ್ರೆ ಶುರುವಾದದ್ದೂ ಆಟಿಕೆಯಷ್ಟು ಸಣ್ಣದರಿಂದಲೇ. ಅಮೆರಿಕದ ವರ್ಮಾಂಟಿನ ಕಮ್ಮಾರ ಥಾಮಸ್ ಡೇವನ್‌ಪೋರ್ಟ್ ಕಬ್ಬಿಣದ ಅದಿರು ಬೇರ್ಪಡಿಸಲು ಬಳಸುತ್ತಿದ್ದ ವಿದ್ಯುತ್ಕಾಂತವನ್ನು ಕಂಡು ಬೆರಗಾಗಿ, ಅದನ್ನು ಕೊಂಡು ತಂದು ಬಿಚ್ಚಿ ನೋಡಿದ. 1834ರ ಹೊತ್ತಿಗೆ ಬ್ಯಾಟರಿಯಿಂದ ತಿರುಗುವ ಮೋಟಾರ್ ಮಾಡಿದ, ಮರುವರ್ಷ ದುಂಡು ಹಳಿಯ ಮೇಲೆ ಓಡುವ ಪುಟ್ಟ ರೈಲನ್ನು ಜನರಿಗೆ ತೋರಿಸಿದ. ತಂತಿಗೆ ಹೊದಿಕೆ ಬೇಕಾದಾಗ ಹೆಂಡತಿ ಎಮಿಲಿ ತನ್ನ ಮದುವೆಯ ರೇಷ್ಮೆ ಉಡುಪನ್ನೇ ಪಟ್ಟಿಗಳಾಗಿ ಸೀಳಿ ಕೊಟ್ಟಳು ಎಂದು ಹೇಳುತ್ತಾರೆ. 1837ರಲ್ಲಿ ಅವನಿಗೆ ಪೇಟೆಂಟ್ ಸಿಕ್ಕಿತು, ಹಣ ಕೈಗೆ ಹತ್ತಲಿಲ್ಲ.

ನಮ್ಮ ಸುರುಳಿಗೆ ಇನ್ನೂ ಹತ್ತಿರದ ನೆಂಟ ಚಾರ್ಲ್ಸ್ ಗ್ರಾಫ್ಟನ್ ಪೇಜ್. ಸುರುಳಿ ತನ್ನೊಳಗೆ ಕಬ್ಬಿಣದ ಸಲಾಕೆಯನ್ನು ಸೆಳೆದುಕೊಳ್ಳುವ ಗುಣವನ್ನೇ ನಂಬಿ ಆತ ದೊಡ್ಡ ಲೋಕೋಮೋಟಿವ್ ಕಟ್ಟಿದ. ಉಗಿ ಯಂತ್ರದ ಪಿಸ್ಟನ್ನಿನ ಜಾಗದಲ್ಲಿ ಸುರುಳಿಯೊಳಗೆ ಹಿಂದಕ್ಕೂ ಮುಂದಕ್ಕೂ ಆಡುವ ಸಲಾಕೆಗಳು. ಅಮೆರಿಕದ ಕಾಂಗ್ರೆಸ್ಸು 20,000 ಡಾಲರ್ ಕೊಟ್ಟಿತ್ತು. 1851ರ ಏಪ್ರಿಲ್ 29ರಂದು ವಾಷಿಂಗ್ಟನ್‌ನಿಂದ ಬ್ಲೇಡನ್ಸ್‌ಬರ್ಗ್‌ವರೆಗೆ ಅದು ಹೋಗಿಬಂತು, ಗಂಟೆಗೆ 19 ಮೈಲಿ ವೇಗವನ್ನೂ ಮುಟ್ಟಿತು. ಆದರೆ ದಾರಿಯ ಕುಲುಕಾಟಕ್ಕೆ ಬ್ಯಾಟರಿಯ ಮಣ್ಣಿನ ಪಾತ್ರೆಗಳು ಬಿರುಕು ಬಿಟ್ಟವು, ಸುರುಳಿಗಳ ಹೊದಿಕೆ ಸುಟ್ಟಿತು, ಯೋಜನೆ ಅಲ್ಲಿಗೇ ನಿಂತಿತು. ಬ್ಯಾಟರಿಯನ್ನು ಹೊತ್ತುಕೊಂಡೇ ಓಡುವ ರೈಲಿಗೆ ಬ್ಯಾಟರಿಯೇ ದೌರ್ಬಲ್ಯ. ಪೆನ್ಸಿಲ್ ಸೆಲ್ಲಿನ ನಮ್ಮ ರೈಲಿಗೂ ಈ ಮಾತು ಅಷ್ಟೇ ಸತ್ಯ.

ಹಬ್ಬದ ಅಲಂಕಾರದಲ್ಲಿ ರೈಲು ಸೇರಿದ್ದು ಇದಾದ ಮೇಲೆ. ಜರ್ಮನಿಯ ಮೆರ್ಕ್ಲಿನ್ ಕಂಪನಿ 1891ರಲ್ಲಿ ನಿರ್ದಿಷ್ಟ ಅಳತೆಯ ಹಳಿಗಳ ಆಟಿಕೆ ರೈಲನ್ನು ಲೈಪ್ಸಿಗ್ ಜಾತ್ರೆಗೆ ತಂದಿತು. ನ್ಯೂಯಾರ್ಕಿನಲ್ಲಿ ಜೋಶುವಾ ಲಯೊನೆಲ್ ಕೋವನ್ 1901ರಲ್ಲಿ ಮಾಡಿದ ವಿದ್ಯುತ್ ರೈಲು ಮೊದಲಿಗೆ ಮಾರಾಟದ ಆಟಿಕೆಯಾಗಿರಲಿಲ್ಲ; ಅಂಗಡಿಯ ಗಾಜಿನ ಕಿಟಕಿಯಲ್ಲಿ ಸರಕಿನ ಕಡೆಗೆ ಕಣ್ಣು ಸೆಳೆಯಲು ಇಟ್ಟ ಅಲಂಕಾರವಾಗಿತ್ತು. ಗಿರಾಕಿಗಳು ರೈಲನ್ನೇ ಕೇಳತೊಡಗಿದರು. ಮುಂದೆ ಅಲ್ಲಿ ಕ್ರಿಸ್‌ಮಸ್ ಮರದ ಬುಡದಲ್ಲಿ ದುಂಡು ಹಳಿಯ ರೈಲು ಇಡುವುದು ಮನೆಮನೆಯ ರೂಢಿಯಾಯಿತು. ನಮ್ಮ ಕರಾವಳಿಯಲ್ಲಿ ಕ್ರಿಸ್‌ಮಸ್‌ಗೆ ಗೋದಲಿ ಕಟ್ಟುವವರು ಹುಲ್ಲು, ಮಣ್ಣಿನಲ್ಲಿ ಊರು ಮಾಡುವಾಗ ಈ ಸುರಂಗಕ್ಕೂ ಒಂದಿಷ್ಟು ಜಾಗ ಬಿಡಬಹುದು.

ಗೊಂಬೆ ಸಾಲಿನಲ್ಲಿ ಇದನ್ನು ಹೊಂದಿಸುವಾಗ ಸುರುಳಿಯನ್ನು ಪೂರ್ತಿ ಮುಚ್ಚಬೇಡಿ. ಬೆಟ್ಟದೊಳಗೆ ಒಂದು ಗೇಣು ಮುಚ್ಚಿ, ಉಳಿದದ್ದು ಬಯಲಲ್ಲಿರಲಿ. ದೀಪದ ಬೆಳಕಿಗೆ ತಾಮ್ರ ಹೊಳೆಯುವುದೇ ಒಂದು ಅಲಂಕಾರ. ತಿರುವು ಕೊಡುವುದಾದರೆ ತ್ರಿಜ್ಯ 30 ಸೆಂ.ಮೀ.ಗಿಂತ ಕಡಿಮೆ ಬೇಡ. ಸೆಲ್ ಬಗ್ಗುವುದಿಲ್ಲವಲ್ಲ, ಬಿಗಿಯಾದ ತಿರುವಿನಲ್ಲಿ ಅದರ ಹೊಟ್ಟೆ ಒಳಬದಿಗೆ ತಾಗಿ ಸಿಕ್ಕಿಕೊಳ್ಳುತ್ತದೆ. ತಿರುವಿನ ಒಳಬದಿಯಲ್ಲಿ ಸುತ್ತುಗಳು ಕೂಡಿಕೊಳ್ಳದಂತೆಯೂ ನೋಡಬೇಕು. ಸ್ವಲ್ಪ ಏರು ಕೊಟ್ಟರೂ ರೈಲು ಹತ್ತುತ್ತದೆ.

ಒಂದು ಸೆಲ್ಲು ಬರುವುದು ಕೆಲವೇ ನಿಮಿಷಗಳ ಓಟಕ್ಕೆ. ಹತ್ತಾರು ಸಲ ಓಡಿದ ಮೇಲೆ ಕೈಗೆತ್ತಿಕೊಂಡರೆ ಬಿಸಿ ತಾಗುತ್ತದೆ, ಆರಲು ಬಿಡಬೇಕು. ಹಾಗಾಗಿ ಒಂಬತ್ತು ದಿನವೂ ಸಂಜೆಯುದ್ದಕ್ಕೂ ಓಡುವ ರೈಲು ಬೇಕೆನ್ನುವವರಿಗೆ ಇದೊಂದೇ ಸಾಲದು. ಅದಕ್ಕೆ ಮ್ಯಾಗ್ನೆಟ್ಟಿನದೇ ಇನ್ನೊಂದು ದಾರಿಯಿದೆ. 3 ಮಿ.ಮೀ. ಪ್ಲೈವುಡ್ ಹಲಗೆಯ ಕೆಳಗೆ, ನಿಮಿಷಕ್ಕೆ 10 ಸುತ್ತು ತಿರುಗುವ 12 ವೋಲ್ಟಿನ ಗೇರ್ ಮೋಟಾರಿಗೆ ಒಂದು ಪಟ್ಟಿ ಕಟ್ಟಿ, ಪಟ್ಟಿಯ ತುದಿಗೆ ಒಂದು ಮ್ಯಾಗ್ನೆಟ್ ಕೂರಿಸಿ. ಹಲಗೆಯ ಮೇಲೆ ರಟ್ಟಿನದೋ ಹಗುರ ಮರದ್ದೋ ರೈಲು, ಅದರ ತಳದಲ್ಲಿ ಇನ್ನೊಂದು ಮ್ಯಾಗ್ನೆಟ್. ಕೆಳಗಿನದು ತಿರುಗಿದಂತೆ ಮೇಲಿನದು ಹಿಂಬಾಲಿಸುತ್ತದೆ. ಹಲಗೆ ದಪ್ಪವಾದಂತೆ ಸೆಳೆತ ಬಹಳ ಬೇಗ ಕುಗ್ಗುತ್ತದೆ, ಆದ್ದರಿಂದ ತೆಳು ಹಲಗೆಯೇ ಬೇಕು. ದಾರಿಯಲ್ಲಿ ಕಬ್ಬಿಣದ ಮೊಳೆ ಇರಕೂಡದು. ನಿಧಾನದ ಈ ರೈಲು ಸಂಜೆಯಿಡೀ ಊರು ಸುತ್ತುತ್ತಿರಲಿ, ಮಕ್ಕಳು ಗುಂಪುಗೂಡಿದಾಗ ತಾಮ್ರದ ಸುರಂಗದಲ್ಲಿ ಮೇಲ್ ಗಾಡಿ ಬಿಡಿ. ಎರಡರಲ್ಲಿ ಒಂದನ್ನೇ ಮಾಡುವುದಾದರೆ ನಾನು ಸುರಂಗವನ್ನೇ ಆರಿಸುತ್ತೇನೆ. ಹಲಗೆಯ ಕೆಳಗೆ ಅಡಗಿರುವುದಕ್ಕಿಂತ ಎದುರಿಗೇ ಇರುವುದು ಮೇಲು.

ಒಂದು ವಿಷಯದಲ್ಲಿ ಮಾತ್ರ ಸಲಿಗೆ ಕೂಡದು. ನಿಯೋಡಿಮಿಯಮ್ ಬಿಲ್ಲೆಗಳು ಎಳೆಯ ಮಕ್ಕಳ ಕೈಗೆ ಸಿಗಬಾರದು. ಒಂದಕ್ಕಿಂತ ಹೆಚ್ಚು ನುಂಗಿದರೆ ಅವು ಕರುಳಿನ ಮಡಿಕೆಗಳ ನಡುವೆ ಒಂದನ್ನೊಂದು ಹಿಡಿದುಕೊಂಡು ಕರುಳನ್ನೇ ತೂತು ಮಾಡಬಲ್ಲವು. ನುಂಗಿದ ಅನುಮಾನ ಬಂದರೂ ಸಾಕು, ಕಾಯದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಪೇಸ್‌ಮೇಕರ್ ಹಾಕಿಸಿಕೊಂಡವರು ಇವುಗಳನ್ನು ಎದೆಯ ಹತ್ತಿರ ತರಬಾರದು. ದೊಡ್ಡ ಬಿಲ್ಲೆಗಳು ಒಂದಕ್ಕೊಂದು ಬಡಿದು ಚಕ್ಕೆ ಏಳುತ್ತವೆ, ನಡುವೆ ಬೆರಳು ಸಿಕ್ಕರೆ ಚರ್ಮ ಕಿತ್ತುಬರುತ್ತದೆ. ಓಡಿ ಮುಗಿದ ರೈಲನ್ನು ಸುರುಳಿಯೊಳಗೆ ನಿಲ್ಲಿಸಿಬಿಡಬೇಡಿ, ನಿಂತಲ್ಲೇ ಕಾದು ಸೆಲ್ ಸೋರಬಹುದು. ವಿಜಯದಶಮಿ ಕಳೆದು ಗೊಂಬೆಗಳನ್ನು ಪೆಟ್ಟಿಗೆಗೆ ಸೇರಿಸುವಾಗ ಸುರುಳಿಯನ್ನು ಅದೇ ಪೈಪಿಗೆ ಏರಿಸಿ ಕಾಗದ ಸುತ್ತಿಡಿ, ಬಿಲ್ಲೆಗಳನ್ನು ಸೆಲ್ಲಿನಿಂದ ಬಿಡಿಸಿ ನಡುವೆ ಮರದ ತುಂಡಿಟ್ಟು ಎತ್ತರದ ಕಪಾಟಿನಲ್ಲಿಡಿ.

ಮಹಾಲಯ ಅಮಾವಾಸ್ಯೆಯವರೆಗೆ ಕಾದು ಕೂತರೆ ಈ ಕೆಲಸ ಆಗುವುದಿಲ್ಲ. ಆ ಹೊತ್ತಿಗೆ ಗೊಂಬೆಗಳ ಧೂಳು ಒರೆಸುವುದೇ ಸಾಕಾಗಿರುತ್ತದೆ. ಗಣೇಶನ ಹಬ್ಬ ಮುಗಿಯುತ್ತಲೇ ತಂತಿ ತನ್ನಿ, ಒಂದು ಭಾನುವಾರ ಪೈಪು ಹಿಡಿದು ಕೂರಿ. ತಂತಿಯನ್ನು ನೀವು ಬಿಗಿಹಿಡಿಯಿರಿ. ಸುತ್ತುವುದನ್ನೂ ಸುತ್ತು ಎಣಿಸುವುದನ್ನೂ ಮಕ್ಕಳಿಗೆ ಬಿಡಿ.